ಸಕ್ಕರೆಯ ಬೆನ್ನು ಹತ್ತಿದ ಸಾಮ್ರಾಜ್ಯ

ಡೊನಾಲ್ಡ್ ಟ್ರಂಪ್ 2025ರ ಜನವರಿ 20ರಂದು ಎರಡನೇ ಬಾರಿಗೆ ಅಧಿಕಾರ ವಹಿಸಿಕೊಂಡು ಮಾಡಿದ ಭಾಷಣದಲ್ಲಿ ಶತಮಾನದ ಹಿಂದೆಯೇ ಕಾಲವಾದ ಅಧ್ಯಕ್ಷರೊಬ್ಬರ ಹೆಸರು ಕೇಳಿಬಂತು: ವಿಲಿಯಂ ಮೆಕಿನ್ಲಿ. ಸುಂಕ ಹಾಕಿ ದೇಶವನ್ನು ಸಿರಿವಂತವಾಗಿಸಿದವರು ಎಂದು ಟ್ರಂಪ್ ಅವರನ್ನು ಹೊಗಳಿದರು. ಅಲಾಸ್ಕಾದ ಡೆನಾಲಿ ಶಿಖರಕ್ಕೆ ಮೆಕಿನ್ಲಿಯವರ ಹೆಸರನ್ನು ಮರಳಿ ಇಡುವ ಆದೇಶಕ್ಕೆ ಅಂದೇ ಸಹಿ ಹಾಕಿದರು. ಪನಾಮಾ ಕಾಲುವೆಯನ್ನು ವಾಪಸ್ ಪಡೆಯುತ್ತೇವೆ ಎಂದು ಸಾರಿದ್ದೂ ಅದೇ ಭಾಷಣದಲ್ಲಿ. ಆಗಸ್ಟ್ ಕೊನೆಯ ಹೊತ್ತಿಗೆ ಭಾರತದ ಸರಕುಗಳ ಮೇಲೆ ಶೇ 50ರಷ್ಟು ಸುಂಕ ಬಿತ್ತು. ಮೆಕಿನ್ಲಿಯವರ ಕಾಲ ಎಂಥದ್ದಾಗಿತ್ತು ಎಂದು ತಿಳಿದುಕೊಳ್ಳುವ ಅಗತ್ಯ ಅಲ್ಲಿಗೆ ನಮ್ಮ ಬಾಗಿಲಿಗೂ ಬಂದಂತಾಯಿತು.

ಮೆಕಿನ್ಲಿ ಸುಂಕದ ಅಧ್ಯಕ್ಷರಷ್ಟೇ ಅಲ್ಲ. ಅಮೆರಿಕ ಕಡಲಾಚೆಯ ಸಾಮ್ರಾಜ್ಯವಾದದ್ದು ಅವರ ಆಡಳಿತದಲ್ಲಿ. 1898ರಲ್ಲಿ ಹವಾಯಿ ಸೇರ್ಪಡೆಯಾಯಿತು. ಆ ವರ್ಷ ಮುಗಿಯುವುದರೊಳಗೆ ಪೋರ್ಟೊ ರಿಕೊ, ಗ್ವಾಮ್, ಫಿಲಿಪ್ಪೀನ್ಸ್ ಮೂರನ್ನೂ ಸ್ಪೇನ್ ಬರೆದುಕೊಟ್ಟಿತು. ಕ್ಯೂಬಾ ಹೆಸರಿಗೆ ಸ್ವತಂತ್ರವಾಗಿ ಹಿಡಿತಕ್ಕೆ ಸಿಕ್ಕಿತು. ಅಮೆರಿಕದ ಹೆಸರಾಂತ ಇತಿಹಾಸಕಾರ ಸ್ಯಾಮ್ಯುಯೆಲ್ ಫ್ಲ್ಯಾಗ್ ಬೀಮಿಸ್ 1936ರಲ್ಲಿ ಇದನ್ನೆಲ್ಲ ದೇಶ ತನ್ನ ಸಹಜ ದಾರಿಯಿಂದ ಆಚೆ ಸರಿದ ಒಂದು ಗಳಿಗೆ ಎಂಬಂತೆ ವಿವರಿಸಿದರು. ತಾನೇ ವಸಾಹತಾಗಿದ್ದು ಬ್ರಿಟನ್ನಿನಿಂದ ಬಿಡಿಸಿಕೊಂಡ ಗಣರಾಜ್ಯವೊಂದು ಅರಿಯದೆ ಎಡವಿ ಸಾಮ್ರಾಜ್ಯದೊಳಕ್ಕೆ ಬಿತ್ತು ಎಂಬ ಈ ಕಥೆಗೆ ಇವತ್ತಿಗೂ ಕೇಳುಗರಿದ್ದಾರೆ. ದಾಖಲೆಗಳು ಹೇಳುವುದು ಬೇರೆ. ಸುಂಕ ಮತ್ತು ಸಾಮ್ರಾಜ್ಯ ಒಂದೇ ಕಥೆಯ ಎರಡು ತುದಿಗಳು. ಸಕ್ಕರೆಯ ಜಾಡು ಹಿಡಿದು ಹೊರಟರೆ ಹೊನಲುಲುವಿನಿಂದ ಹವಾನಾದವರೆಗೆ, ಅಲ್ಲಿಂದ ಮನಿಲಾದವರೆಗೆ ಆ ಸಂಬಂಧ ಕಾಣುತ್ತ ಹೋಗುತ್ತದೆ.

ಹಿನ್ನೆಲೆಯಾಗಿ 1893ನ್ನು ನೋಡಬೇಕು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಸ್ವಾಮಿ ವಿವೇಕಾನಂದರು ಷಿಕಾಗೊದ ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ್ದು ನಮಗೆಲ್ಲ ಗೊತ್ತು. ಅದೇ ಊರಿನಲ್ಲಿ, ಆ ಸಮ್ಮೇಳನವೂ ಭಾಗವಾಗಿದ್ದ ವಿಶ್ವ ಪ್ರದರ್ಶನದ ಸಂದರ್ಭದಲ್ಲಿ, ಎರಡು ತಿಂಗಳ ಮೊದಲು ಫ್ರೆಡೆರಿಕ್ ಜಾಕ್ಸನ್ ಟರ್ನರ್ ಎಂಬ ತರುಣ ಇತಿಹಾಸಕಾರ ಒಂದು ಪ್ರಬಂಧ ಓದಿದ್ದರು. ಪಶ್ಚಿಮಕ್ಕೆ ಪಶ್ಚಿಮಕ್ಕೆ ಸರಿಯುತ್ತಿದ್ದ ಅಮೆರಿಕದ ಗಡಿ ಮುಗಿದುಹೋಯಿತು, 1890ರ ಜನಗಣತಿಯೇ ಅದನ್ನು ಹೇಳಿದೆ, ಈ ದೇಶದ ಚರಿತ್ರೆಯ ಮೊದಲ ಘಟ್ಟ ಅಲ್ಲಿಗೆ ಮುಗಿಯಿತು ಎಂಬುದು ಅವರ ವಾದ. ಮೂಲನಿವಾಸಿಗಳ ನೆಲವನ್ನು ಕಬಳಿಸುತ್ತ ಹೋದ ದಾರಿಯನ್ನೇ ಅಲ್ಲಿ 'ಗಡಿ' ಎಂದು ಕರೆಯಲಾಗುತ್ತಿತ್ತು ಎಂಬುದನ್ನು ಮರೆಯಬಾರದು. 1890ರ ಡಿಸೆಂಬರ್‌ನಲ್ಲಿ ವುಂಡೆಡ್ ನೀ ಎಂಬಲ್ಲಿ ಲಕೋಟ ಜನರ ಮಾರಣಹೋಮ ನಡೆಯಿತು. ಆ ಬುಡಕಟ್ಟು ಯುದ್ಧಗಳಲ್ಲಿ ಪಳಗಿದ ಅಧಿಕಾರಿಗಳೇ ಎಂಟೊಂಬತ್ತು ವರ್ಷಗಳ ನಂತರ ಫಿಲಿಪ್ಪೀನ್ಸ್‌ನಲ್ಲಿ ಸೇನೆ ನಡೆಸಿದರು. ಖಂಡದೊಳಗಿನ ದಂಡಯಾತ್ರೆಗೂ ಕಡಲಾಚೆಯ ದಂಡಯಾತ್ರೆಗೂ ನಡುವೆ ಇದ್ದ ಅಂತರ ಒಂದು ತಲೆಮಾರಿನದ್ದೂ ಅಲ್ಲ.

1893ರಲ್ಲೇ ಬ್ಯಾಂಕುಗಳು ಮುಳುಗಿದವು, ರೈಲ್ವೆ ಕಂಪನಿಗಳು ದಿವಾಳಿ ಎದ್ದವು. ನಾಲ್ಕು ವರ್ಷಗಳ ಆರ್ಥಿಕ ಕುಸಿತಕ್ಕೆ ರಾಜಕಾರಣಿಗಳೂ ಉದ್ಯಮಿಗಳೂ ಕೊಟ್ಟ ಕಾರಣ ಒಂದೇ ಬಗೆಯದು. ನಮ್ಮ ಕಾರ್ಖಾನೆಗಳೂ ಹೊಲಗಳೂ ನಾವು ಬಳಸುವುದಕ್ಕಿಂತ ಹೆಚ್ಚು ತಯಾರಿಸುತ್ತಿವೆ, ಹೊರಗೆ ಮಾರುಕಟ್ಟೆ ಬೇಕು. ಮಾರುಕಟ್ಟೆಗೆ ಹಡಗು ಬೇಕು, ಹಡಗಿಗೆ ಕಲ್ಲಿದ್ದಲು ಬೇಕು, ಕಲ್ಲಿದ್ದಲು ತುಂಬಿಸಿಕೊಳ್ಳಲು ದಾರಿಯಲ್ಲೊಂದು ದ್ವೀಪ ಬೇಕು. ಈ ಕೊನೆಯ ಮಾತನ್ನು ಸಿದ್ಧಾಂತವಾಗಿ ಕಟ್ಟಿಕೊಟ್ಟವರು ನೌಕಾಪಡೆಯ ಅಧಿಕಾರಿ ಆಲ್ಫ್ರೆಡ್ ಥಾಯರ್ ಮಹಾನ್. ಕಡಲ ಮೇಲಿನ ಹಿಡಿತವೇ ರಾಷ್ಟ್ರಗಳ ಏಳುಬೀಳನ್ನು ನಿರ್ಧರಿಸುತ್ತದೆ ಎಂದು ವಾದಿಸಿದ ಅವರ ಗ್ರಂಥ 1890ರಲ್ಲಿ ಹೊರಬಂತು. ಅದನ್ನು ಬಾಯಿತುಂಬ ಮೆಚ್ಚಿದವರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಒಬ್ಬರು.

ಇನ್ನು ಸಕ್ಕರೆಗೆ ಬರೋಣ. ಹವಾಯಿ ಆಗ ತನ್ನದೇ ರಾಜಮನೆತನವಿದ್ದ, ಅಮೆರಿಕ ಮತ್ತು ಯುರೋಪಿನ ದೇಶಗಳು ಮಾನ್ಯ ಮಾಡಿದ್ದ ಸ್ವತಂತ್ರ ರಾಜ್ಯ. 1875ರ ಒಪ್ಪಂದದಿಂದ ಅಲ್ಲಿನ ಸಕ್ಕರೆಗೆ ಅಮೆರಿಕದಲ್ಲಿ ಸುಂಕ ಮಾಫಿಯಾಯಿತು. ಹದಿನೈದು ವರ್ಷಗಳಲ್ಲಿ ರಫ್ತು ಸುಮಾರು ಹತ್ತು ಪಟ್ಟು ಏರಿತು. ದ್ವೀಪಗಳ ಬಯಲುಗಳೆಲ್ಲ ಕಬ್ಬಿನ ತೋಟಗಳಾದವು. ಒಡೆಯರಲ್ಲಿ ಅನೇಕರು ಅಮೆರಿಕದಿಂದ ಬಂದ ಮಿಷನರಿಗಳ ಮಕ್ಕಳು, ಮೊಮ್ಮಕ್ಕಳು. 1887ರಲ್ಲಿ ಇದೇ ವರ್ಗ ಬಂದೂಕು ತೋರಿಸಿ ದೊರೆ ಕಲಾಕೌಆ ಅವರಿಂದ ಹೊಸ ಸಂವಿಧಾನಕ್ಕೆ ಸಹಿ ಹಾಕಿಸಿಕೊಂಡಿತು. ದೊರೆಯ ಅಧಿಕಾರವೂ ಬಹುಪಾಲು ಹವಾಯಿ ಜನರ ಮತಾಧಿಕಾರವೂ ಅದರಿಂದ ಕಳಚಿಬಿದ್ದವು. ಅದೇ ವರ್ಷ ಪರ್ಲ್ ಹಾರ್ಬರ್ ಬಂದರಿನ ಬಳಕೆಯ ಹಕ್ಕು ಅಮೆರಿಕಕ್ಕೆ ಸಿಕ್ಕಿತು.

ಆಮೇಲೆ ಬಂದದ್ದು 1890ರ ಸುಂಕ ಕಾಯ್ದೆ. ಅದನ್ನು ರೂಪಿಸಿದವರು ಆಗ ಸಂಸದರಾಗಿದ್ದ ಮೆಕಿನ್ಲಿ. ಅದು ಎಲ್ಲ ದೇಶಗಳ ಕಚ್ಚಾ ಸಕ್ಕರೆಗೂ ಸುಂಕ ತೆಗೆದುಹಾಕಿ, ಅಮೆರಿಕದೊಳಗೆ ಬೆಳೆದವರಿಗೆ ಮಾತ್ರ ಪೌಂಡಿಗೆ 2 ಸೆಂಟ್ ಪ್ರೋತ್ಸಾಹಧನ ಕೊಟ್ಟಿತು. ಹವಾಯಿಯ ವಿಶೇಷ ಲಾಭ ಒಂದೇ ಏಟಿಗೆ ಹೋಯಿತು. ಈಗ ತೋಟದ ಮಾಲೀಕರ ಮುಂದೆ ಉಳಿದ ಲೆಕ್ಕ ಸರಳ: ಹವಾಯಿ ಅಮೆರಿಕವೇ ಆಗಿಬಿಟ್ಟರೆ ಆ 2 ಸೆಂಟ್ ತಮಗೂ ಸಿಗುತ್ತದೆ.

ಲೆಕ್ಕ ಸರಳವಾದರೂ ಎಲ್ಲ ಮಾಲೀಕರೂ ಅದಕ್ಕೆ ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು. ದ್ವೀಪಗಳ ಸಕ್ಕರೆ ದೊರೆ ಎನಿಸಿಕೊಂಡಿದ್ದ ಕ್ಲಾಸ್ ಸ್ಪ್ರೆಕೆಲ್ಸ್ ಸೇರ್ಪಡೆಯನ್ನು ವಿರೋಧಿಸಿದರು. ಚೀನಾ, ಜಪಾನ್‌ಗಳಿಂದ ಕರಾರಿನ ಮೇಲೆ ಕೂಲಿಗಳನ್ನು ತರಲು ಅಮೆರಿಕದ ಕಾನೂನು ಬಿಡುವುದಿಲ್ಲ ಎಂಬುದು ಅವರ ಆತಂಕ. ಹಣದ ಹಿತ ಒಂದೇ ದಿಕ್ಕಿಗೆ ಎಳೆಯುತ್ತದೆ ಎಂದು ನಂಬುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಕೊನೆಗೆ ಹೊಡೆತ ಕೊಟ್ಟದ್ದು ಲೊರಿನ್ ಥರ್ಸ್ಟನ್‌ರಂಥ ವಕೀಲರು, ವ್ಯಾಪಾರಿಗಳು ಕೂಡಿಕೊಂಡ ಹದಿಮೂರು ಜನರ ಒಂದು ಸಮಿತಿ. ರಾಣಿ ಲಿಲಿಯುಓಕಲಾನಿ ಜನರ ಮತಾಧಿಕಾರವನ್ನೂ ಅರಮನೆಯ ಅಧಿಕಾರವನ್ನೂ ಮರಳಿಸುವ ಹೊಸ ಸಂವಿಧಾನ ತರಲು ಹೊರಟದ್ದೇ ನೆಪವಾಯಿತು. 1893ರ ಜನವರಿ 16ರಂದು ಅಮೆರಿಕದ ರಾಯಭಾರಿ ಜಾನ್ ಸ್ಟೀವನ್ಸ್ 'ಬಾಸ್ಟನ್' ಯುದ್ಧನೌಕೆಯಿಂದ 162 ಸೈನಿಕರನ್ನು ಹೊನಲುಲುವಿನಲ್ಲಿ ಇಳಿಸಿದರು. ಮರುದಿನ ಸಮಿತಿ ತಾನೇ ಸರ್ಕಾರ ಎಂದು ಘೋಷಿಸಿಕೊಂಡಿತು. ರಕ್ತ ಹರಿಯಬಾರದೆಂದು ರಾಣಿ ಅಧಿಕಾರ ಬಿಟ್ಟುಕೊಟ್ಟರು. ಬಿಟ್ಟುಕೊಟ್ಟದ್ದು ಬಂಡುಕೋರರಿಗಲ್ಲ, ಅಮೆರಿಕದ ಬಲಕ್ಕೆ ಎಂದು ಬರವಣಿಗೆಯಲ್ಲೇ ಪ್ರತಿಭಟನೆ ದಾಖಲಿಸಿದರು.

ಆಗಿನ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ತನಿಖೆ ಮಾಡಿಸಿ, ಇದು ಅನ್ಯಾಯ ಎಂದು ಸಂಸತ್ತಿಗೇ ಹೇಳಿದರು. ಆದರೂ ರಾಣಿಗೆ ಸಿಂಹಾಸನ ವಾಪಸ್ ಸಿಗಲಿಲ್ಲ. ಹವಾಯಿ ಜನ ಸುಮ್ಮನಿರಲಿಲ್ಲ. 1897ರಲ್ಲಿ ಸೇರ್ಪಡೆಯ ವಿರುದ್ಧ ದ್ವೀಪ ದ್ವೀಪ ತಿರುಗಿ 21,000ಕ್ಕೂ ಹೆಚ್ಚು ಸಹಿ ಸಂಗ್ರಹಿಸಿದರು. ಮೂಲನಿವಾಸಿಗಳ ಸಂಖ್ಯೆಯೇ ಆಗ 40,000 ದಾಟಿರಲಿಲ್ಲ. ಸೆನೆಟ್‌ನಲ್ಲಿ ಸೇರ್ಪಡೆಯ ಒಪ್ಪಂದಕ್ಕೆ ಬೇಕಿದ್ದ ಮೂರನೇ ಎರಡರಷ್ಟು ಬೆಂಬಲ ಸಿಗಲಿಲ್ಲ. 1898ರಲ್ಲಿ ಸ್ಪೇನ್ ಜೊತೆ ಯುದ್ಧ ಹತ್ತಿಕೊಂಡ ಮೇಲೆ, ಒಪ್ಪಂದದ ದಾರಿ ಬಿಟ್ಟು ಬರಿಯ ಬಹುಮತ ಸಾಕಾಗುವ ಜಂಟಿ ಠರಾವಿನ ದಾರಿ ಹಿಡಿದು ಜುಲೈ 7ರಂದು ಹವಾಯಿಯನ್ನು ಸೇರಿಸಿಕೊಳ್ಳಲಾಯಿತು. ರಾಣಿಯ ಸರ್ಕಾರವನ್ನು ಉರುಳಿಸಿದ್ದಕ್ಕೆ ಅಮೆರಿಕದ ಸಂಸತ್ತು ಔಪಚಾರಿಕವಾಗಿ ಕ್ಷಮೆ ಕೇಳಿದ್ದು 1993ರಲ್ಲಿ. ನೆಲ ಮಾತ್ರ ಹಿಂತಿರುಗಲಿಲ್ಲ.

ಕ್ಯೂಬಾದಲ್ಲೂ ಬೆಂಕಿ ಹೊತ್ತಿಕೊಂಡದ್ದು ಸಕ್ಕರೆಯ ಸುಂಕದ ಆಸುಪಾಸಿನಲ್ಲೇ. 1890ರಲ್ಲಿ ಸುಂಕ ಹೋದಾಗ ಆ ದ್ವೀಪದ ಸಕ್ಕರೆ ಅಮೆರಿಕಕ್ಕೆ ಹರಿದುಬಂತು. 1894ರ ಕಾಯ್ದೆ ಶೇ 40ರ ಸುಂಕವನ್ನು ಮತ್ತೆ ಹೇರಿದಾಗ ಗಿರಣಿಗಳು ನಿಂತವು, ಕೂಲಿಗಳು ಬೀದಿಗೆ ಬಿದ್ದರು. ಸ್ಪೇನ್ ವಿರುದ್ಧ ಬಹುಕಾಲದಿಂದ ಕುದಿಯುತ್ತಿದ್ದ ಅಸಮಾಧಾನ 1895ರ ಫೆಬ್ರುವರಿಯಲ್ಲಿ ದಂಗೆಯಾಗಿ ಸಿಡಿಯಿತು. ಬಂಡಾಯದ ಮುಂದಾಳು, ಕವಿ ಹೊಸೆ ಮಾರ್ತಿ ಹದಿನೈದು ವರ್ಷ ನ್ಯೂಯಾರ್ಕ್‌ನಲ್ಲಿ ಬದುಕಿ ಅಮೆರಿಕವನ್ನು ಹತ್ತಿರದಿಂದ ಕಂಡವರು. ಸ್ಪೇನ್ ಹೋದ ಮೇಲೆ ಅಮೆರಿಕ ತನ್ನ ತೋಳನ್ನು ಕ್ಯೂಬಾದ ಮೇಲೂ ಇಡೀ ಲ್ಯಾಟಿನ್ ಅಮೆರಿಕದ ಮೇಲೂ ಚಾಚದಂತೆ ತಡೆಯುವುದೇ ತಮ್ಮ ಹೋರಾಟದ ಗುರಿ ಎಂದು 1895ರ ಮೇ 18ರಂದು ಗೆಳೆಯನಿಗೆ ಬರೆಯುತ್ತಿದ್ದರು. ಪತ್ರ ಮುಗಿಯಲಿಲ್ಲ. ಮರುದಿನ ಕಾಳಗದಲ್ಲಿ ಸತ್ತರು.

ಸ್ಪೇನಿನ ಜನರಲ್ ವಲೇರಿಯಾನೊ ವೆಯ್ಲರ್ ಹಳ್ಳಿಗರನ್ನು ಒಕ್ಕಲೆಬ್ಬಿಸಿ ಕಾವಲಿನ ಶಿಬಿರಗಳಿಗೆ ತುಂಬಿದರು. ಹಸಿವು, ರೋಗಗಳಿಂದ ಕನಿಷ್ಠ ಒಂದು ಲಕ್ಷ ಜನ ಸತ್ತರು. ಆ ಸುದ್ದಿ ಅಮೆರಿಕದ ಸಾಮಾನ್ಯರ ಕರುಳನ್ನು ನಿಜವಾಗಿಯೂ ಹಿಂಡಿತು. ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಮತ್ತು ಜೋಸೆಫ್ ಪುಲಿಟ್ಜರ್ ಅವರ ಪತ್ರಿಕೆಗಳು ಆ ಕನಿಕರವನ್ನೇ ಬಂಡವಾಳ ಮಾಡಿಕೊಂಡವು. 1898ರ ಫೆಬ್ರುವರಿ 15ರ ರಾತ್ರಿ ಹವಾನಾ ಬಂದರಿನಲ್ಲಿ 'ಮೇನ್' ಯುದ್ಧನೌಕೆ ಸ್ಫೋಟಗೊಂಡು 260ಕ್ಕೂ ಹೆಚ್ಚು ಸೈನಿಕರು ಸತ್ತಾಗ ಸ್ಪೇನನ್ನು ಹೊಣೆ ಮಾಡಲು ಅವಕ್ಕೆ ಪುರಾವೆಯೇ ಬೇಕಾಗಲಿಲ್ಲ. 1976ರಲ್ಲಿ ಅಮೆರಿಕದ್ದೇ ಅಡ್ಮಿರಲ್ ಹೈಮನ್ ರಿಕೋವರ್ ನಡೆಸಿದ ಅಧ್ಯಯನ, ಹಡಗಿನೊಳಗಿನ ಕಲ್ಲಿದ್ದಲಿನ ಬೆಂಕಿ ಮದ್ದುಗುಂಡಿನ ಕೋಣೆಗೆ ತಗುಲಿದ್ದೇ ಕಾರಣವಿರಬೇಕೆಂದು ಹೇಳಿತು.

ವಾಲ್ ಸ್ಟ್ರೀಟ್ ಈ ಯುದ್ಧ ಮಾಡಿಸಿತೇ? ಇದಕ್ಕೆ ಹೌದೆಂದು ಥಟ್ಟನೆ ಉತ್ತರಿಸುವವರು ಬಹಳ. ಕ್ಯೂಬಾದಲ್ಲಿ ಅಮೆರಿಕದವರ ಬಂಡವಾಳ ಸುಮಾರು 5 ಕೋಟಿ ಡಾಲರ್ ಇದ್ದದ್ದು ನಿಜ. ಆದರೆ ದೊಡ್ಡ ಉದ್ಯಮಿಗಳು, ಮೆಕಿನ್ಲಿಯವರ ಆಪ್ತ ಮಾರ್ಕ್ ಹ್ಯಾನ್ನಾ ಸಹಿತ, 1898ರ ಆರಂಭದವರೆಗೂ ಯುದ್ಧ ಬೇಡವೆಂದೇ ಇದ್ದರು. ಕುಸಿತದಿಂದ ಆಗತಾನೇ ಮೇಲೇಳುತ್ತಿದ್ದ ವ್ಯಾಪಾರ ಕೆಡುತ್ತದೆ ಎಂಬ ಭಯ. ಕ್ಯೂಬಾ ಸುತ್ತಿಬಂದ ಸೆನೆಟರ್ ರೆಡ್‌ಫೀಲ್ಡ್ ಪ್ರಾಕ್ಟರ್ ಮಾರ್ಚ್ 17ರಂದು ಅಲ್ಲಿ ಕಂಡದ್ದನ್ನು ಅಬ್ಬರವಿಲ್ಲದೆ ವಿವರಿಸಿದ ಮೇಲೆ, ಅನಿಶ್ಚಿತತೆ ಎಳೆದಾಡುವುದಕ್ಕಿಂತ ಯುದ್ಧವೇ ಲೇಸು ಎಂಬ ಕಡೆಗೆ ಅವರೂ ವಾಲಿದರು. ಆದ್ದರಿಂದ ಯುದ್ಧ ಶುರುವಾದ ಕಾರಣವನ್ನೂ ಯುದ್ಧದಿಂದ ಏನನ್ನು ಹಿಡಿದಿಟ್ಟುಕೊಂಡರು ಎಂಬುದನ್ನೂ ಬೇರೆ ಬೇರೆಯಾಗಿ ತೂಗಬೇಕು. ಮೊದಲನೆಯದರಲ್ಲಿ ಕನಿಕರಕ್ಕೆ ಜಾಗವಿದೆ. ಎರಡನೆಯದರಲ್ಲಿ ಇಲ್ಲ.

ಕ್ಯೂಬಾವನ್ನು ನುಂಗುವುದಿಲ್ಲ ಎಂದು ಸಂಸತ್ತು ಯುದ್ಧಕ್ಕೆ ಮೊದಲೇ ಮಾತು ಕೊಟ್ಟಿತ್ತು. ಆ ತಿದ್ದುಪಡಿ ತಂದವರು ಕೊಲರಾಡೊದ ಸೆನೆಟರ್ ಹೆನ್ರಿ ಟೆಲ್ಲರ್. ಕ್ಯೂಬಾದ ಸಕ್ಕರೆ ಸುಂಕವಿಲ್ಲದೆ ಒಳಗೆ ಬಂದರೆ ಸ್ವದೇಶದ ಬೀಟ್ ಸಕ್ಕರೆಯ ಗತಿ ಏನು ಎಂಬ ಚಿಂತೆಯೂ ಆ ಉದಾರತೆಯ ಹಿಂದೆ ಇತ್ತೆಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಸ್ಯಾಂಟಿಯಾಗೊ ನಗರ ಶರಣಾದಾಗ, ಮೂರು ವರ್ಷ ಕಾದಾಡಿದ್ದ ಕ್ಯೂಬನ್ ಸೇನಾನಿ ಕಲಿಕ್ಸ್ಟೊ ಗಾರ್ಸಿಯಾ ಅವರ ಪಡೆಗೆ ನಗರದೊಳಗೆ ಕಾಲಿಡಲು ಅಮೆರಿಕದ ಜನರಲ್ ಬಿಡಲಿಲ್ಲ. 1901ರಲ್ಲಿ ಪ್ಲ್ಯಾಟ್ ತಿದ್ದುಪಡಿ ಎಂಬ ಷರತ್ತನ್ನು ಕ್ಯೂಬಾದ ಸಂವಿಧಾನಕ್ಕೇ ಹೊಲಿಯಲಾಯಿತು: ಅಮೆರಿಕ ಬೇಕೆಂದಾಗ ಮಧ್ಯಪ್ರವೇಶ ಮಾಡಬಹುದು, ನೌಕಾನೆಲೆಗೆ ಜಾಗ ಕೊಡಬೇಕು. ಒಪ್ಪದಿದ್ದರೆ ಸೈನ್ಯ ಹೊರಡುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಇದು. 1903ರಲ್ಲಿ ಗ್ವಾಂಟನಾಮೊ ವರ್ಷಕ್ಕೆ 2,000 ಡಾಲರ್ ಚಿನ್ನದ ನಾಣ್ಯದ ಬಾಡಿಗೆಗೆ ಹೋಯಿತು. ಅಮೆರಿಕ ಒಪ್ಪದೆ ಮುಗಿಯದ ಗುತ್ತಿಗೆಯಾದ್ದರಿಂದ ಆ ನೆಲೆ ಇಂದಿಗೂ ಅಲ್ಲೇ ಇದೆ. 1920ರ ದಶಕದ ಹೊತ್ತಿಗೆ ಕ್ಯೂಬಾದ ಸಕ್ಕರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅಮೆರಿಕನ್ ಒಡೆತನದ ಗಿರಣಿಗಳಿಂದಲೇ ಬರುತ್ತಿತ್ತು.

ಫಿಲಿಪ್ಪೀನ್ಸ್‌ನ ಕಥೆ ಎಲ್ಲಕ್ಕಿಂತ ಘೋರ. ಅಮೆರಿಕದೊಳಗೆ ಬಹಳ ಕಡಿಮೆ ಮಾತಾಗುವ ಕಥೆಯೂ ಇದೇ. ಕ್ಯೂಬಾದ ಬಿಡುಗಡೆಗೆಂದು ಹೊರಟ ಯುದ್ಧದ ಮೊದಲ ದೊಡ್ಡ ಕಾಳಗ ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಮನಿಲಾ ಕೊಲ್ಲಿಯಲ್ಲಿ ನಡೆದದ್ದು ಹೇಗೆ? 1898ರ ಫೆಬ್ರುವರಿ 25ರಂದು, ಯುದ್ಧ ಘೋಷಣೆಗೆ ಎರಡು ತಿಂಗಳಿರುವಾಗ, ನೌಕಾ ಇಲಾಖೆಯ ಉಪ ಕಾರ್ಯದರ್ಶಿಯಾಗಿದ್ದ ರೂಸ್‌ವೆಲ್ಟ್ ತಮ್ಮ ಮೇಲಧಿಕಾರಿ ಮಧ್ಯಾಹ್ನ ಕಚೇರಿಯಲ್ಲಿ ಇಲ್ಲದ ಸಮಯ ನೋಡಿ ಏಷ್ಯಾದಲ್ಲಿದ್ದ ಕಮೊಡೋರ್ ಜಾರ್ಜ್ ಡ್ಯೂಯಿ ಅವರಿಗೆ ತಂತಿ ಕಳಿಸಿದರು: ಹಡಗುಗಳನ್ನು ಹಾಂಗ್‌ಕಾಂಗ್‌ನಲ್ಲಿ ಸೇರಿಸಿ, ಕಲ್ಲಿದ್ದಲು ತುಂಬಿಟ್ಟುಕೊಳ್ಳಿ, ಯುದ್ಧವಾದರೆ ಫಿಲಿಪ್ಪೀನ್ಸ್ ಮೇಲೆ ಎರಗಿ. ಮೇಲಧಿಕಾರಿ ಮರುದಿನ ಬಂದು ಆ ಆದೇಶವನ್ನು ರದ್ದು ಮಾಡಲಿಲ್ಲ. ನೌಕಾ ಕಾಲೇಜಿನ ಯುದ್ಧ ಯೋಜನೆಗಳಲ್ಲಿ ಮನಿಲಾ ಮೊದಲೇ ಇತ್ತು. ಎಡವಿ ಬೀಳುವವರು ಎರಡು ತಿಂಗಳು ಮುಂಚೆ ಕಲ್ಲಿದ್ದಲು ತುಂಬಿಸಿಕೊಂಡು ಕಾಯುವುದಿಲ್ಲ.

ಮೇ 1ರ ಬೆಳಿಗ್ಗೆ ಡ್ಯೂಯಿ ಸ್ಪೇನಿನ ಹಡಗುಗಳನ್ನು ಕೆಲವೇ ಗಂಟೆಗಳಲ್ಲಿ ಮುಳುಗಿಸಿದರು. ಆದರೆ ನೆಲದ ಮೇಲೆ ಕಾದಾಡಿದವರು ಫಿಲಿಪ್ಪಿನೊ ಕ್ರಾಂತಿಕಾರಿಗಳು. ಅವರ ನಾಯಕ ಎಮಿಲಿಯೊ ಅಗಿನಾಲ್ಡೊ ಅವರನ್ನು ಹಾಂಗ್‌ಕಾಂಗ್‌ನಿಂದ ಕರೆತಂದದ್ದು ಅಮೆರಿಕದ ಹಡಗೇ. ಜೂನ್ 12ರಂದು ಕವಿಟ್ ಎಂಬ ಊರಿನಲ್ಲಿ ಅವರು ಸ್ವಾತಂತ್ರ್ಯ ಘೋಷಿಸಿದರು. ಗೋಡೆಯೊಳಗಿನ ಮನಿಲಾ ನಗರವೊಂದನ್ನು ಬಿಟ್ಟು ಸುತ್ತಲ ನಾಡು ಬಹುತೇಕ ಅವರ ಕೈಯಲ್ಲಿತ್ತು. ಆಗಸ್ಟ್ 13ರಂದು ಅಮೆರಿಕ ಮತ್ತು ಸ್ಪೇನಿನ ಅಧಿಕಾರಿಗಳು ಮೊದಲೇ ಮಾತಾಡಿಕೊಂಡು ಒಂದು ಹುಸಿ ಕಾಳಗ ನಡೆಸಿದರು. ಸ್ಪೇನ್ ಮಾನ ಉಳಿಸಿಕೊಂಡು ಅಮೆರಿಕಕ್ಕೆ ಶರಣಾಗಬೇಕು, ಫಿಲಿಪ್ಪಿನೊ ಪಡೆ ನಗರದೊಳಗೆ ಬರಬಾರದು ಎಂಬುದು ಒಪ್ಪಂದ. ಸ್ಪೇನ್ ಮತ್ತು ಅಮೆರಿಕ ಪ್ಯಾರಿಸ್ಸಿನಲ್ಲಿ ನಡೆಸಿದ ಸಂಧಾನಕ್ಕೂ ಫಿಲಿಪ್ಪಿನೊಗಳ ಪ್ರತಿನಿಧಿ ಫೆಲಿಪೆ ಅಗೊನ್ಸಿಲ್ಲೊ ಅವರನ್ನು ಒಳಗೆ ಬಿಡಲಿಲ್ಲ. ಡಿಸೆಂಬರ್ 10ರಂದು 2 ಕೋಟಿ ಡಾಲರ್‌ಗೆ ಇಡೀ ದ್ವೀಪಸಮೂಹ ಕೈ ಬದಲಾಯಿಸಿತು. 1899ರ ಫೆಬ್ರುವರಿ 6ರಂದು ಸೆನೆಟ್ ಅದನ್ನು 57–27 ಮತಗಳಿಂದ, ಬೇಕಿದ್ದಕ್ಕಿಂತ ಒಂದೇ ಮತ ಹೆಚ್ಚಾಗಿ, ಅಂಗೀಕರಿಸಿತು. ಎರಡು ದಿನ ಮೊದಲೇ ಮನಿಲಾದ ಹೊರವಲಯದಲ್ಲಿ ಗುಂಡು ಹಾರಿ ಅಮೆರಿಕನ್ನರಿಗೂ ಫಿಲಿಪ್ಪಿನೊಗಳಿಗೂ ಯುದ್ಧ ಶುರುವಾಗಿತ್ತು.

ದೇವರಲ್ಲಿ ಮೊರೆಯಿಟ್ಟು, ಆ ಜನರನ್ನು ಮೇಲೆತ್ತಿ ಕ್ರೈಸ್ತರನ್ನಾಗಿ ಮಾಡುವುದೇ ಕರ್ತವ್ಯವೆಂದು ಕಂಡುಕೊಂಡೆ ಎಂದು ಮೆಕಿನ್ಲಿ ಹೇಳಿದರೆಂಬ ವರದಿ ಅವರ ಸಾವಿನ ನಂತರ ಪ್ರಕಟವಾಯಿತು. ಮಾತು ಅಕ್ಷರಶಃ ಅವರದೇ ಎಂಬ ಬಗ್ಗೆ ವಿವಾದವಿದೆ, ಆದರೆ ಆ ಕಾಲದ ಚರ್ಚುಗಳಲ್ಲೂ ಸಭೆಗಳಲ್ಲೂ ಹರಿದಾಡಿದ್ದು ಇದೇ ಧಾಟಿಯ ಮಾತು. ಫಿಲಿಪ್ಪೀನ್ಸ್ ಆಗಲೇ ಮುನ್ನೂರು ವರ್ಷಗಳಿಂದ ಕ್ಯಾಥೊಲಿಕ್ ನಾಡು. ಮನಿಲಾದ ಸಾಂತೊ ತೊಮಾಸ್ ವಿಶ್ವವಿದ್ಯಾಲಯ ಹುಟ್ಟಿದ್ದು 1611ರಲ್ಲಿ, ಹಾರ್ವರ್ಡ್‌ಗಿಂತ ಇಪ್ಪತ್ತೈದು ವರ್ಷ ಮೊದಲು. ಮುಂಬೈಯಲ್ಲಿ ಹುಟ್ಟಿದ ಕಿಪ್ಲಿಂಗ್ ಬಿಳಿಯರ ಹೊರೆಯ ಬಗ್ಗೆ ಬರೆದ ಕವಿತೆಯನ್ನು ನಾವು ಬ್ರಿಟಿಷ್ ಭಾರತದ್ದೆಂದು ಓದಿಕೊಳ್ಳುತ್ತೇವೆ. 1899ರ ಫೆಬ್ರುವರಿಯಲ್ಲಿ ಅಚ್ಚಾದ ಅದು ಉದ್ದೇಶಿಸಿದ್ದು ಅಮೆರಿಕವನ್ನು, ಅದರ ವಿಷಯ ಫಿಲಿಪ್ಪೀನ್ಸ್. ಇಂಥ ಮಾತುಗಳನ್ನೆಲ್ಲ ಬರಿಯ ಮುಖವಾಡವೆಂದು ತಳ್ಳಿಹಾಕುವುದು ತಪ್ಪಾಗುತ್ತದೆ. ಆಡಿದವರಲ್ಲಿ ಅನೇಕರು ಅದನ್ನು ನಂಬಿದ್ದರು. ನಂಬಿದ್ದರಿಂದಲೇ ತಮ್ಮ ಸೈನ್ಯ ಮಾಡುತ್ತಿದ್ದುದನ್ನು ನೋಡಲು ಅವರಿಗೆ ಆಗಲಿಲ್ಲ.

ಸೈನ್ಯ ಮಾಡಿದ್ದು ಇಷ್ಟು. ಸೆರೆ ಸಿಕ್ಕವರ ಬಾಯಿಗೆ ನೀರು ಸುರಿದು ಹೊಟ್ಟೆ ಉಬ್ಬಿಸಿ ಬಾಯಿ ಬಿಡಿಸುವ ಹಿಂಸೆ ನಡೆದದ್ದನ್ನು 1902ರಲ್ಲಿ ಸೆನೆಟ್ ಸಮಿತಿಯ ಮುಂದೆ ದ್ವೀಪಗಳ ಗವರ್ನರ್ ವಿಲಿಯಂ ಹೊವಾರ್ಡ್ ಟಾಫ್ಟ್ ಅವರೇ ಒಪ್ಪಿಕೊಂಡರು. ಸಮರ್ ದ್ವೀಪದ ಬಲಂಗಿಗಾದಲ್ಲಿ 1901ರ ಸೆಪ್ಟೆಂಬರ್ 28ರಂದು ಊರವರು ಎದ್ದು ಅಮೆರಿಕನ್ ತುಕಡಿಯೊಂದನ್ನು ಕೊಚ್ಚಿಹಾಕಿದ ಮೇಲೆ ಜನರಲ್ ಜೇಕಬ್ ಸ್ಮಿತ್ ಹತ್ತು ವರ್ಷ ದಾಟಿದ, ಆಯುಧ ಹಿಡಿಯಬಲ್ಲ ಎಲ್ಲರನ್ನೂ ಕೊಲ್ಲಲು ಆಜ್ಞೆ ಕೊಟ್ಟರು. ಸೇನಾ ನ್ಯಾಯಾಲಯ ಅವರಿಗೆ ಕೊಟ್ಟ ಶಿಕ್ಷೆ ಒಂದು ವಾಗ್ದಂಡನೆ. ಆಮೇಲೆ ನಿವೃತ್ತಿ. ಬತಾಂಗಾಸ್ ಪ್ರಾಂತದಲ್ಲಿ ಜನರಲ್ ಫ್ರ್ಯಾಂಕ್ಲಿನ್ ಬೆಲ್ ಹಳ್ಳಿಗರನ್ನು ಒಕ್ಕಲೆಬ್ಬಿಸಿ ಕಾವಲಿನ ವಲಯಗಳಿಗೆ ತುಂಬಿಸಿದರು, ಹೊರಗಿನ ಬೆಳೆ ಸುಟ್ಟರು. ಯಾವ ವೆಯ್ಲರ್ ಪದ್ಧತಿಯ ವಿರುದ್ಧ ಅಮೆರಿಕ ಯುದ್ಧಕ್ಕೆ ಹೊರಟಿತ್ತೋ ಅದೇ ಪದ್ಧತಿ, ನಾಲ್ಕು ವರ್ಷ ಕಳೆಯುವುದರೊಳಗೆ, ಅಮೆರಿಕದ ಕೈಯಿಂದಲೇ. ಯುದ್ಧದಲ್ಲಿ 4,200ಕ್ಕೂ ಹೆಚ್ಚು ಅಮೆರಿಕನ್ನರು, 20,000ಕ್ಕೂ ಹೆಚ್ಚು ಫಿಲಿಪ್ಪಿನೊ ಹೋರಾಟಗಾರರು ಸತ್ತರು. ಹಿಂಸೆ, ಹಸಿವು, ಕಾಲರಾಗಳಿಗೆ ಬಲಿಯಾದ ನಾಗರಿಕರು 2 ಲಕ್ಷದವರೆಗೆ ಇರಬಹುದೆಂದು ಅಮೆರಿಕದ ವಿದೇಶಾಂಗ ಇಲಾಖೆಯ ಇತಿಹಾಸ ವಿಭಾಗವೇ ಬರೆದಿದೆ.

ಇಷ್ಟೆಲ್ಲ ಯಾತಕ್ಕೆ? 1900ರ ಜನವರಿಯಲ್ಲಿ ಇಂಡಿಯಾನಾದ ಸೆನೆಟರ್ ಆಲ್ಬರ್ಟ್ ಬೆವರಿಜ್ ಸಂಕೋಚವಿಲ್ಲದೆ ಹೇಳಿದರು: ಈ ದ್ವೀಪಗಳು ಎಂದೆಂದಿಗೂ ನಮ್ಮವು, ಅವುಗಳ ಆಚೆಗಿದೆ ಚೀನಾದ ಕೊನೆಯಿಲ್ಲದ ಮಾರುಕಟ್ಟೆ. ಆ ಚೀನಾ ವ್ಯಾಪಾರ ನಿಜವಾಗಿ ಅಮೆರಿಕದ ರಫ್ತಿನಲ್ಲಿ ತೀರಾ ಚಿಕ್ಕ ಪಾಲಾಗಿತ್ತು, ಮುಂದೆಯೂ ಬಹಳ ಕಾಲ ಹಾಗೇ ಉಳಿಯಿತು. ಆದರೆ ನೀತಿಯನ್ನು ನಡೆಸಿದ್ದು ಇದ್ದ ವ್ಯಾಪಾರವಲ್ಲ, ಬರಬಹುದಾದ ವ್ಯಾಪಾರದ ಆಸೆ. ಅದಕ್ಕೆ ಮಹಾನ್ ಅವರ ಬಂದರುಗಳ ಸರಪಳಿ ಸೇರಿತು. ಇವೆರಡೂ ನೆಲ ಹಿಡಿಯಲು ಕಾರಣ ಕೊಟ್ಟವು. ನೆಲ ಹಿಡಿದು ಜನರಿಗೆ ಹಕ್ಕು ಕೊಡದಿರಲು ಬೇಕಾದ ಕಾರಣವನ್ನು ಒದಗಿಸಿದ್ದು ಜನಾಂಗದ ಮೇಲುಕೀಳು. ಅಮೆರಿಕದ ಸಾಮ್ರಾಜ್ಯಕ್ಕೆ ಅದರದ್ದೇ ಆದ ಗುರುತು ಕೊಟ್ಟದ್ದು ಈ ಎರಡು ಬಗೆಯ ಕಾರಣಗಳ ಬೆಸುಗೆ.

ಸಾಮ್ರಾಜ್ಯದ ವಿರೋಧಿಗಳೂ ಈ ರೋಗದಿಂದ ಪಾರಾಗಿರಲಿಲ್ಲ. ಬಾಸ್ಟನ್ನಿನಲ್ಲಿ ಹುಟ್ಟಿದ ಸಾಮ್ರಾಜ್ಯವಿರೋಧಿ ಸಂಘದಲ್ಲಿ ಗಟ್ಟಿ ಮನಸ್ಸಿನವರಿದ್ದರು. 1896ರಲ್ಲಿ ಭಾರತವನ್ನು ಸುತ್ತಿಹೋಗಿದ್ದ ಮಾರ್ಕ್ ಟ್ವೇನ್ ಆರಂಭದಲ್ಲಿ ಕ್ಯೂಬಾ ಯುದ್ಧವನ್ನು ಬೆಂಬಲಿಸಿದ್ದರೂ, ಪ್ಯಾರಿಸ್ ಒಪ್ಪಂದವನ್ನು ಓದಿದ ಮೇಲೆ ತಿರುಗಿಬಿದ್ದು ಸಾಯುವವರೆಗೂ ಆ ಸಂಘದ ಉಪಾಧ್ಯಕ್ಷರಾಗಿದ್ದರು. ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಆ 2 ಕೋಟಿ ಡಾಲರನ್ನು ತಾವೇ ಕಟ್ಟಿ ಫಿಲಿಪ್ಪೀನ್ಸ್‌ಗೆ ಬಿಡುಗಡೆ ಕೊಡಿಸುತ್ತೇನೆಂದರು. ಆದರೆ ಅದೇ ಪಾಳೆಯದಲ್ಲಿ ದಕ್ಷಿಣದ ಸೆನೆಟರ್ ಬೆನ್ ಟಿಲ್‌ಮನ್‌ರಂಥ ಕಡು ವರ್ಣದ್ವೇಷಿಗಳೂ ಇದ್ದರು. ಅವರ ವಿರೋಧ, ಬಿಳಿಯರಲ್ಲದ ಲಕ್ಷಾಂತರ ಜನ ದೇಶದೊಳಕ್ಕೆ ಬಂದಾರು ಎಂಬುದಕ್ಕೆ.

ನೆಲ ಬೇಕೆಂದವರನ್ನೂ ಅಲ್ಲಿನ ಜನ ಬೇಡವೆಂದವರನ್ನೂ ಸಮಾಧಾನಪಡಿಸುವ ದಾರಿಯನ್ನು ಹುಡುಕಿಕೊಟ್ಟದ್ದು ಸುಪ್ರೀಂ ಕೋರ್ಟ್. ಪೋರ್ಟೊ ರಿಕೊದಿಂದ ನ್ಯೂಯಾರ್ಕ್‌ಗೆ ಕಿತ್ತಳೆ ತರಿಸಿದ ವ್ಯಾಪಾರಿಯೊಬ್ಬರು, ಆ ದ್ವೀಪ ಅಮೆರಿಕವೇ ಆದ ಮೇಲೆ ಸುಂಕವೇಕೆ ಎಂದು ಕಟ್ಟಿದ 659 ಡಾಲರ್ 35 ಸೆಂಟನ್ನು ವಾಪಸ್ ಕೇಳಿದರು. 1901ರ ಮೇ 27ರಂದು ಡೌನ್ಸ್ ವಿರುದ್ಧ ಬಿಡ್ವೆಲ್ ಪ್ರಕರಣದಲ್ಲಿ 5–4 ಬಹುಮತದ ತೀರ್ಪು ಬಂತು: ಪೋರ್ಟೊ ರಿಕೊ ಅಮೆರಿಕಕ್ಕೆ ಸೇರಿದ್ದು, ಆದರೆ ಅಮೆರಿಕದ ಭಾಗವಲ್ಲ, ಸಂವಿಧಾನ ಅಲ್ಲಿಗೆ ಪೂರ್ತಿಯಾಗಿ ಅನ್ವಯಿಸುವುದಿಲ್ಲ. ಬೇರೆ ಜನಾಂಗದವರಿರುವ ನಾಡುಗಳನ್ನು ಆಂಗ್ಲೋ-ಸ್ಯಾಕ್ಸನ್ ತತ್ವಗಳಂತೆ ಆಳುವುದು ಕೆಲಕಾಲ ಅಸಾಧ್ಯವಾಗಬಹುದು ಎಂದು ಬರೆದವರು ನ್ಯಾಯಮೂರ್ತಿ ಹೆನ್ರಿ ಬಿಲ್ಲಿಂಗ್ಸ್ ಬ್ರೌನ್. ಐದು ವರ್ಷ ಹಿಂದೆ ಪ್ಲೆಸ್ಸಿ ಪ್ರಕರಣದಲ್ಲಿ ಕಪ್ಪು ಜನರಿಗೆ ಬೇರೆ ರೈಲು ಬೋಗಿ ಸರಿ ಎಂದು ತೀರ್ಪು ಬರೆದದ್ದೂ ಅವರೇ. ಒಳಗಿನ ಬೇಲಿಗೂ ಹೊರಗಿನ ಬೇಲಿಗೂ ಒಂದೇ ಕೈ.

ಮುಂದಿನ ವರ್ಷಗಳಲ್ಲಿ ವಿಧಾನ ಬದಲಾಯಿತು. ಹೊಸ ವಸಾಹತಿನ ಗೊಡವೆಗಿಂತ ಕಾಲುವೆ, ಸಾಲ, ಸುಂಕದ ಕಟ್ಟೆಗಳ ಮೇಲಿನ ಹಿಡಿತವೇ ಅಗ್ಗವೆನಿಸಿತು. 1903ರ ನವೆಂಬರ್ 3ರಂದು ಪನಾಮಾ ಕೊಲಂಬಿಯಾದಿಂದ ಒಡೆದುಕೊಂಡಾಗ ಅಮೆರಿಕದ ಯುದ್ಧನೌಕೆ ಕಾವಲಿಗಿತ್ತು. ಹದಿನೈದು ದಿನಗಳಲ್ಲಿ ಕಾಲುವೆಯ ಒಪ್ಪಂದಕ್ಕೆ ಪನಾಮಾದ ಪರವಾಗಿ ಸಹಿ ಹಾಕಿದವರು ಫ್ರಾನ್ಸಿನ ಫಿಲಿಪ್ ಬ್ಯುನೊ-ವಾರಿಯಾ. ಆ ಕಾಲುವೆ ಪನಾಮಾದ ಕೈ ಸೇರಲು 1999ರ ಡಿಸೆಂಬರ್ 31ರವರೆಗೆ ಕಾಯಬೇಕಾಯಿತು. 1914ರ ಡಿಸೆಂಬರ್‌ನಲ್ಲಿ ನೌಕಾ ಸೈನಿಕರು ಹೈಟಿಯ ಬ್ಯಾಂಕಿನಿಂದ 5 ಲಕ್ಷ ಡಾಲರ್ ಚಿನ್ನವನ್ನು ನ್ಯೂಯಾರ್ಕ್‌ಗೆ ಸಾಗಿಸಿದರು. ಮರುವರ್ಷ ಶುರುವಾದ ಸೇನಾ ಆಡಳಿತ 1934ರವರೆಗೆ ನಡೆಯಿತು. ಈ ದಂಡಯಾತ್ರೆಗಳಲ್ಲಿ ಮೂರು ದಶಕ ದುಡಿದ ಜನರಲ್ ಸ್ಮೆಡ್ಲಿ ಬಟ್ಲರ್, ತಾನು ಬ್ಯಾಂಕುಗಳಿಗೂ ಕಂಪನಿಗಳಿಗೂ ದಾದಾಗಿರಿ ಮಾಡಿದೆ ಎಂದು 1935ರಲ್ಲಿ ಬಹಿರಂಗವಾಗಿ ಬರೆದರು.

ಫಿಲಿಪ್ಪೀನ್ಸ್‌ನಲ್ಲಿ ಅಮೆರಿಕ ಶಾಲೆ ಕಟ್ಟಿತು, ಕಾಲರಾ ತಡೆಗೆ ದುಡಿಯಿತು, 1907ರಲ್ಲೇ ಚುನಾಯಿತ ಶಾಸನಸಭೆ ತಂದಿತು. ಆ ಕಾಲದ ಬ್ರಿಟಿಷ್ ಭಾರತಕ್ಕೆ ಹೋಲಿಸಿದರೆ ಇದು ಸಣ್ಣ ಮಾತಲ್ಲ. ಹೀಗೆ ಹೇಳಿ 1934ರಲ್ಲಿ ಕೊಟ್ಟ ಸ್ವಾತಂತ್ರ್ಯದ ಭರವಸೆಯನ್ನು ಔದಾರ್ಯವೆಂದು ವರ್ಣಿಸುವವರಿದ್ದಾರೆ. ಫಿಲಿಪ್ಪಿನೊಗಳು ಆ ಭರವಸೆಗಾಗಿ ವರ್ಷವರ್ಷ ವಾಷಿಂಗ್ಟನ್ನಿಗೆ ನಿಯೋಗ ಕಳಿಸಿದ್ದರು. ಆದರೆ ಕಾನೂನು ಪಾಸಾಗುವಂತೆ ಸಂಸತ್ತನ್ನು ಒತ್ತಿದವರು ಮಹಾಕುಸಿತದಲ್ಲಿ ಕಂಗೆಟ್ಟಿದ್ದ ಅಮೆರಿಕದ ಬೀಟ್ ಬೆಳೆಗಾರರು, ಕ್ಯೂಬಾದ ಸಕ್ಕರೆಯಲ್ಲಿ ಹಣ ಹಾಕಿದ್ದವರು, ಕ್ಯಾಲಿಫೋರ್ನಿಯಾದ ಕೂಲಿಯಲ್ಲಿ ಫಿಲಿಪ್ಪಿನೊಗಳ ಪೈಪೋಟಿ ಬೇಡವೆಂದ ಕಾರ್ಮಿಕ ಸಂಘಗಳು. ವಾಟ್ಸನ್‌ವಿಲ್‌ನಲ್ಲಿ 1930ರಲ್ಲಿ ಅವರ ಮೇಲೆ ದಾಳಿಗಳೇ ನಡೆದಿದ್ದವು. ಸುಂಕವಿಲ್ಲದೆ ಬರುತ್ತಿದ್ದ ಸಕ್ಕರೆಯನ್ನು ತಡೆಯಬೇಕಾದರೆ ಆ ನಾಡು ಪರದೇಶವಾಗಬೇಕಿತ್ತು. ಕಾನೂನು ಬಂದ ಕೂಡಲೇ ಫಿಲಿಪ್ಪಿನೊಗಳ ವಲಸೆಗೆ ವರ್ಷಕ್ಕೆ 50 ಜನರ ಮಿತಿ ಬಿತ್ತು. ಹವಾಯಿಯನ್ನು ಒಳಗೆ ಎಳೆದುಕೊಳ್ಳುವಾಗ ಕೆಲಸ ಮಾಡಿದ ಲೆಕ್ಕವೇ ಫಿಲಿಪ್ಪೀನ್ಸನ್ನು ಹೊರಗೆ ಕಳಿಸುವಾಗಲೂ ಕೆಲಸ ಮಾಡಿತು.

ಪೋರ್ಟೊ ರಿಕೊ ಒಳಗೂ ಅಲ್ಲ, ಹೊರಗೂ ಅಲ್ಲ. ಅಲ್ಲಿನ 30 ಲಕ್ಷಕ್ಕೂ ಹೆಚ್ಚು ಜನ 1917ರಿಂದ ಅಮೆರಿಕದ ಪ್ರಜೆಗಳು. ಆದರೂ ದ್ವೀಪದಲ್ಲಿ ವಾಸವಿರುವವರೆಗೆ ಅಧ್ಯಕ್ಷರ ಚುನಾವಣೆಯಲ್ಲಿ ಮತವಿಲ್ಲ. ಸಂಸತ್ತಿನಲ್ಲಿರುವ ಅವರ ಒಬ್ಬ ಪ್ರತಿನಿಧಿಗೆ ಕಾನೂನಿನ ಮೇಲೆ ಮತ ಹಾಕುವ ಹಕ್ಕಿಲ್ಲ. 2016ರಲ್ಲಿ ದ್ವೀಪದ ಸರ್ಕಾರ ಸಾಲದಲ್ಲಿ ಮುಳುಗಿದಾಗ ವಾಷಿಂಗ್ಟನ್ ನೇಮಿಸಿದ ಏಳು ಜನರ ಮಂಡಳಿ ಅದರ ಬಜೆಟ್ಟಿನ ಮೇಲೆ ಬಂದು ಕೂತಿತು. 2022ರ ಏಪ್ರಿಲ್‌ನಲ್ಲಿ, ಅಂಗವಿಕಲರಿಗೂ ಬಡ ವೃದ್ಧರಿಗೂ ಕೊಡುವ ಕೇಂದ್ರದ ನೆರವನ್ನು ಪೋರ್ಟೊ ರಿಕೊ ನಿವಾಸಿಗಳಿಗೆ ನಿರಾಕರಿಸಿದರೆ ತಪ್ಪಿಲ್ಲ ಎಂದು ಸುಪ್ರೀಂ ಕೋರ್ಟ್ 8–1ರಿಂದ ತೀರ್ಪಿತ್ತಿತು. ಆ ಬಹುಮತದಲ್ಲೇ ಇದ್ದ ನ್ಯಾಯಮೂರ್ತಿ ನೀಲ್ ಗೋರ್ಸಚ್, 1901ರ ತೀರ್ಪುಗಳಿಗೆ ಸಂವಿಧಾನದಲ್ಲಿ ನೆಲೆಯಿಲ್ಲ, ಅವು ನಿಂತಿರುವುದು ಜನಾಂಗದ ಪೂರ್ವಗ್ರಹದ ಮೇಲೆ, ಅವನ್ನು ರದ್ದು ಮಾಡಬೇಕು ಎಂದು ಪ್ರತ್ಯೇಕವಾಗಿ ಬರೆದರು. ಆರು ತಿಂಗಳ ನಂತರ ಅದಕ್ಕೆ ತಕ್ಕ ಅವಕಾಶವೂ ಬಂತು. ಇಂದಿಗೂ ಹುಟ್ಟಿನಿಂದ ಪೌರತ್ವ ಸಿಗದ ಅಮೆರಿಕನ್ ಸಮೋವಾದಲ್ಲಿ ಹುಟ್ಟಿದವರು ಪೌರತ್ವ ಕೇಳಿ ಅರ್ಜಿ ಹಾಕಿದ್ದರು. ಕೋರ್ಟ್ ಅದನ್ನು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ಬ್ರೌನ್ ಅವರ ತೀರ್ಪು ಜಾರಿಯಲ್ಲಿದೆ.